ಒದ್ದೆಯೋ ಒಣವೋ

ಜೂನೀ,
೩ ಜುಲೈ ೧೯೬೧

ವಾಲ್,

ಬದುಕಿದ್ದೀಯಾ ಮಾರಾಯ? ನಿನ್ನ ಕೈಬರಹ ನೋಡಿ ಎಷ್ಟು ದಿನವಾಯಿತು! ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರೆಲ್ಲರ ಗಂಡಂದಿರ ದನಿ ಕೇಳುತ್ತೇನೆ, ನನ್ನ ಗಂಡನದೊಂದು ಬಿಟ್ಟು. ಇರಲಿ, ಕುರಿ ಉಣ್ಣೆ ಕತ್ತರಿಸುವವನನ್ನು ಕಟ್ಟಿಕೊಂಡವಳಿಗೆ ಇದೇನು ಹೊಸದಲ್ಲ.

ಈ ಸಲದ ಚಳಿಗಾಲ ಇಲ್ಲಿ ಜೋರು. ಇಬ್ಬನಿ ಹೆಪ್ಪುಗಟ್ಟಿ ಹೂಕೋಸೆಲ್ಲ ಕರಕಲಾಗಿದೆ. ಡಾಟ್ ಪರ್ತ್‌ನಿಂದ ಬರೆದಿದ್ದಾಳೆ; ನಿನ್ನ ಮಗಳಿಗೆ ಅತ್ತೆ ಮನೆ ಹಿಡಿಸಿದೆಯಂತೆ, ಅತ್ತೆಯೊಬ್ಬಳು ಹಿಡಿಸಿಲ್ಲವಂತೆ. ಚರ್ಚಿನ ಹಾಡಿನ ತಂಡದಲ್ಲಿ ಈ ಸಲ ನನಗೆ ಮುಂದಿನ ಸಾಲು ಕೊಟ್ಟಿದ್ದಾರೆ. ದನಿ ಚೆನ್ನಾಗಿದೆ ಎಂದಲ್ಲ, ಮುಂದಿನ ಸಾಲಿನವರೆಲ್ಲ ಕೆಮ್ಮುತ್ತಿದ್ದಾರೆ, ಅದಕ್ಕೆ.

ಹಾಂ, ಒಂದು ಮಾತು ಮರೆತಿದ್ದೆ. ಉಣ್ಣೆ ಗೋದಾಮಿನ ಮುದುಕ ಹಾಬ್‌ಡೇ ತಿಂಗಳ ಕೊನೆಗೆ ಕೆಲಸ ಬಿಡುತ್ತಾನಂತೆ. ಮ್ಯಾನೇಜರ್ ಡ್ರಿಸ್ಕಲ್ ಮಾಂಸದ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ, "ಮಿಸೆಸ್ ಟ್ರಿಗಿಯರ್, ಆ ಜಾಗಕ್ಕೆ ನಿಮ್ಮ ಯಜಮಾನ್ರು ಬರ್ತಾರಾ? ಉಣ್ಣೆ ಮುಟ್ಟಿದ್ರೆ ಅದರ ಜಾತಕ ಹೇಳೋ ಅಂಥೋರು ಬೇಕು ನಮಗೆ" ಅಂದ. ನಾನು ನಕ್ಕುಬಿಟ್ಟೆ. "ವಾಲ್‌ನ ತಂದು ಗೋದಾಮಲ್ಲಿ ಕೂಡಿಸಿದ್ರೆ ದಿನಾ ಬಾಗಿಲಿಗೆ ತಲೆ ಚಚ್ಚಿಕೊಳ್ತಾನೆ ಅಷ್ಟೆ" ಅಂದೆ. ಸುಳ್ಳೇ? ಕ್ರಿಸ್‌ಮಸ್‌ಗೆ ಬಂದಾಗ ನೀನು ಬೆಳಗಾದರೆ ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದೆ. ಒಂದು ದಿನವಾದರೂ ಕುರ್ಚಿಯಲ್ಲಿ ನೆಟ್ಟಗೆ ಕೂತೆಯಾ? ಆದರೂ ಡ್ರಿಸ್ಕಲ್ ತಿಂಗಳು ಮುಗಿಯುವುದರೊಳಗೆ ಉತ್ತರ ಬೇಕು ಎಂದಿದ್ದಾನೆ, ಹಾಗಾಗಿ ತಿಳಿಸಿದ್ದೇನೆ. ನಿನ್ನ ಇಷ್ಟ. ನನ್ನದೇನೂ ಇಲ್ಲ.

ಊನಾ


ಕುರಾಬಿನ್ ಶೆಡ್ಡು,
೯ ಜುಲೈ ೧೯೬೧

ಪ್ರೀತಿಯ ಊನಾ,

ಬದುಕಿದ್ದೇನೆ. ಮಳೆ ಹಿಡಿದುಕೊಂಡಿದೆ, ಕೆಲಸ ನಿಂತಿದೆ, ಆರು ಜನ ಗಂಡಸರು ಒಂದೇ ಹಳೇ ಪೇಪರನ್ನು ಸರದಿಯಲ್ಲಿ ಓದುತ್ತಿದ್ದೇವೆ. ಅಡುಗೆಯವನು ಇವತ್ತೂ ಕುರಿಮಾಂಸವನ್ನೇ ಬೇಯಿಸಿದ್ದಾನೆ. ಹಗಲೆಲ್ಲ ಅದರ ಜೊತೆ ಕುಸ್ತಿ, ಸಂಜೆ ತಟ್ಟೆಯಲ್ಲೂ ಅದರದೇ ಮುಖ.

ಮಳೆ ಬಂದರೆ ಕೆಲಸ ನಿಲ್ಲಿಸುವವರು ಯಾರು ಎಂದು ನೀನು ಕ್ರಿಸ್‌ಮಸ್‌ನಲ್ಲಿ ಕೇಳಿದ್ದೆ. ಧಣಿಯಲ್ಲ, ನಮ್ಮ ಕಂಟ್ರಾಕ್ಟರ್ ಕ್ಲಾರಿಯೂ ಅಲ್ಲ. ನಾವೇ. ಮಳೆ ನಿಂತ ಮೇಲೆ ಒಬ್ಬೊಬ್ಬರೂ ಎರಡೆರಡು ಕುರಿಯ ಉಣ್ಣೆ ಕತ್ತರಿಸಿ ನೋಡುತ್ತೇವೆ. ಆಮೇಲೆ ಚೀಟಿಯ ಮೇಲೆ "ಒದ್ದೆ" ಅಥವಾ "ಒಣ" ಎಂದು ದಪ್ಪಕ್ಷರದಲ್ಲಿ ಬರೆದು ಟೋಪಿಗೆ ಹಾಕುತ್ತೇವೆ. ಒದ್ದೆ ಹೆಚ್ಚಾದರೆ ಕುರಿ ಹೊಲಕ್ಕೆ, ನಾವು ಹಾಸಿಗೆಗೆ. ಕುರಿಗಿಷ್ಟು ಎಂದು ಕೂಲಿಯಾದ್ದರಿಂದ ಆ ದಿನದ ಸಂಪಾದನೆ ಇಲ್ಲ. ಒಣ ಹೆಚ್ಚಾದರೆ ಎಲ್ಲರೂ ಕೆಲಸಕ್ಕೆ. ಒದ್ದೆ ಉಣ್ಣೆ ಕತ್ತರಿಸಿದರೆ ಮೈಗೆ ಕುರು ಏಳುತ್ತದೆ, ಕೀಲು ಹಿಡಿಯುತ್ತದೆ, ಉಣ್ಣೆಯೂ ಮೂಟೆಯಲ್ಲಿ ಕೊಳೆಯುತ್ತದೆ. ಯಾರು ಏನು ಬರೆದರು ಎಂದು ಯಾರೂ ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಹೆಂಡತಿಗೂ! ಇಲ್ಲಿ ಚೀಟಿ ಎಣಿಸುವವನು ನಾನೇ. ಶನಿವಾರ ಒದ್ದೆ ಗೆದ್ದಿತು.

ಧಣಿಯ ಹೆಂಡತಿ ಮೊನ್ನೆ ಶೆಡ್ಡಿನ ಕಡೆ ಬಂದಳು. ನಮ್ಮ ಬಾರ್ನಿ, "ಕೆರೇಲಿ ಬಾತುಕೋಳಿ!" ಅಂತ ಕೂಗಿದ. ಹೆಂಗಸು ಬರುತ್ತಿದ್ದಾಳೆ, ಬೈಗುಳ ನಿಲ್ಲಿಸಿ ಅಂತ ಅದರ ಅರ್ಥ. ಆಕೆ ನಗುತ್ತ, "ಬಾತುಕೋಳಿಗೂ ಕಿವಿ ಇರ್ತವಪ್ಪ" ಅಂದಳು. ಹುಡುಗನ ಮುಖ ಕೆಂಪಗಾಯಿತು. ಈಚೆಗೆ ಮದುವೆಯಾದವನು, ಹೆಂಡತಿ ಬಸುರಿ, ಕೆಲಸದಲ್ಲಿ ಗಾಳಿ ಇದ್ದ ಹಾಗೆ.

ಡ್ರಿಸ್ಕಲ್ ನನ್ನನ್ನು ನೆನೆಸಿಕೊಂಡದ್ದು ದೊಡ್ಡ ಮಾತು. ಆದರೆ ಕ್ಲಾರಿಗೆ ವಯಸ್ಸಾಯಿತು, ಮುಂದಿನ ವರ್ಷ ತಂಡ ನೀನೇ ನೋಡಿಕೋ ಅನ್ನುತ್ತಿದ್ದಾನೆ. ನಿನಗೂ ನಿನ್ನ ಎಕ್ಸ್‌ಚೇಂಜು, ಹಾಡು, ತೋಟ ಎಲ್ಲ ಒಂದು ಹದಕ್ಕೆ ಬಂದಿವೆ. ಕ್ರಿಸ್‌ಮಸ್‌ನಲ್ಲಿ ನೋಡಿದೆನಲ್ಲ, ಬೆಳಗಿನಿಂದ ಸಂಜೆಯವರೆಗೆ ನಿನಗೆ ಪುರಸೊತ್ತಿಲ್ಲ. ನಾನು ಬಂದರೆ ಕಾಲಿಗೆ ಅಡ್ಡ. ನೀನು ಹೇಗೆ ಹೇಳಿದರೆ ಹಾಗೆ.

ವಾಲ್


ಜೂನೀ,
೧೪ ಜುಲೈ ೧೯೬೧

ವಾಲ್,

ನೀನು ಹೇಳಿದ ಹಾಗೆ ನಾನು, ನಾನು ಹೇಳಿದ ಹಾಗೆ ನೀನು. ಬಾಗಿಲಲ್ಲಿ ನಿಂತು ಹೀಗೆ ಒಬ್ಬರಿಗೊಬ್ಬರು "ನೀನು ಮೊದಲು" ಅನ್ನುತ್ತ ಇದ್ದರೆ ಒಳಗೆ ಹೋಗುವವರು ಯಾರು? ಡಾಟ್‌ಗೆ ಹೆಸರಿಡುವಾಗಲೂ ನಾವು ಹೀಗೇ ಮಾಡಿದೆವು. ಕೊನೆಗೆ ನನ್ನ ಚಿಕ್ಕಮ್ಮ ಬಂದು ಇಟ್ಟು ಹೋದಳು.

ಕ್ಲಾರಿಯ ತಂಡ ನಿನ್ನದಾಗುತ್ತದೆ ಎಂದರೆ ಸಂತೋಷವೇ. ನೀನು ಆಸೆಪಟ್ಟದ್ದು ತಾನೇ.

ಆದರೂ ಒಂದು ಕೆಲಸ ಮಾಡೋಣ. ನಿನ್ನ ಶೆಡ್ಡಿನ ಪದ್ಧತಿ ನನಗೆ ಹಿಡಿಸಿತು. ನಾವೂ ಚೀಟಿ ಹಾಕೋಣ. "ಒದ್ದೆ" ಎಂದರೆ ಶೆಡ್ಡು ಸಾಕು, ಗೋದಾಮಿಗೆ ಬಾ. "ಒಣ" ಎಂದರೆ ಕತ್ತರಿಸುತ್ತಲೇ ಇರು. ಯಾರೂ ಯಾರನ್ನೂ ಒತ್ತಾಯ ಮಾಡಿದ ಹಾಗಾಗುವುದಿಲ್ಲ. ಇಬ್ಬರೂ ಚೀಟಿಯನ್ನು ಮಿಸ್ ಪೆಟ್ಟಿಫರ್‌ಗೆ ಕಳಿಸೋಣ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳಲ್ಲ, ಅವಳೇ. ಕಿವಿ ಪೂರ್ತಿ ಮಂದ, ಯಾರಾದರೂ ಗುಟ್ಟು ಕೆದಕಿದರೂ ಅವಳಿಗೆ ಕೇಳಿಸುವುದಿಲ್ಲ. ಒಂದು ಒದ್ದೆ, ಒಂದು ಒಣ ಬಂದರೆ ಮತ್ತೆ ಚೀಟಿ. ಒಪ್ಪಿಗೆಯೇ?

ಊನಾ


ಕುರಾಬಿನ್ ಶೆಡ್ಡು,
೧೮ ಜುಲೈ ೧೯೬೧

ಪ್ರೀತಿಯ ಊನಾ,

ಒಪ್ಪಿಗೆ. ಇಬ್ಬರೇ ಇರುವ ಶೆಡ್ಡಿನಲ್ಲಿ ಚೀಟಿ ಎಣಿಸುವುದನ್ನು ಈ ಜನ್ಮದಲ್ಲಿ ಕೇಳಿರಲಿಲ್ಲ. ಮಿಸ್ ಪೆಟ್ಟಿಫರ್‌ಗೆ ನನ್ನದನ್ನು ಈ ಟಪ್ಪಾಲಿನಲ್ಲೇ ಹಾಕಿದ್ದೇನೆ. ಬರೆಯುವುದಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ನೋವಿಗೆ ಹಚ್ಚುವ ಆ ಹಳದಿ ಎಣ್ಣೆ ಎರಡು ಸೀಸೆ ಕಳಿಸು. ಹುಡುಗರಿಗೆ ಬೇಕಂತೆ.

ವಾಲ್


ಜೂನೀ,
೨೪ ಜುಲೈ ೧೯೬೧

ವಾಲ್,

ಗುಟ್ಟಿನ ಕಥೆ ಕೇಳು. ನಿನ್ನೆ ಹಾಡಿನ ಅಭ್ಯಾಸ ಮುಗಿದು ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದೆವು. ಮಿಸ್ ಪೆಟ್ಟಿಫರ್ ಆರ್ಗನ್ ಪಕ್ಕದಿಂದ ಎದ್ದು ನಿಂತು, ಕಿವಿ ಕೇಳಿಸದವರು ಹೇಗೆ ಮಾತಾಡುತ್ತಾರೋ ಹಾಗೆ, "ಎರಡೂ ಒಣ ಕಣೇ ಊನಾ! ಎರಡೂ ಒಣ!" ಅಂತ ಕೂಗಿದಳು. ಪಾದ್ರಿಗಳು ಚರ್ಚಿನ ಸೋರುವ ಚಾವಣಿಯ ಮಾತು ಅಂದುಕೊಂಡು, "ದೇವರು ದೊಡ್ಡೋನು" ಅಂದರು.

ಅಂತೂ ಒಮ್ಮತ. ಇವತ್ತು ಬೆಳಗ್ಗೆ ಡ್ರಿಸ್ಕಲ್‌ಗೆ ಫೋನ್ ಮಾಡಿ ಬೇಡ ಎಂದು ಹೇಳಿದೆ. ಕೆಲಸ ಹಾಬ್‌ಡೇಯ ತಮ್ಮನ ಮಗನಿಗೆ ಹೋಗುತ್ತದಂತೆ. ಒಳ್ಳೇದಾಯಿತು. ನಿನಗೆ ಬೇಕಾದದ್ದು ನಿನಗೆ ಸಿಕ್ಕಿತು, ನನಗೂ ನಿಶ್ಚಿಂತೆ.

ಎಣ್ಣೆ ಕಳಿಸಿದ್ದೇನೆ. ಇನ್ನು ಮೇಲೆ ಬರೆಯುವುದು ಸ್ವಲ್ಪ ಕಡಿಮೆಯಾದೀತು. ಎಕ್ಸ್‌ಚೇಂಜಿನಲ್ಲಿ ಹೆಚ್ಚಿನ ಪಾಳಿ ಒಪ್ಪಿಕೊಂಡಿದ್ದೇನೆ. ಮನೆಯಲ್ಲಿ ಕೂತು ಮಾಡುವುದಾದರೂ ಏನು?

ಊನಾ


ಕುರಾಬಿನ್ ಶೆಡ್ಡು,
೬ ಆಗಸ್ಟ್ ೧೯೬೧

ಊನಾ,

ತಡವಾಗಿ ಬರೆಯುತ್ತಿದ್ದೇನೆ. ಬಾರ್ನಿ ಆಸ್ಪತ್ರೆಯಲ್ಲಿದ್ದಾನೆ, ನ್ಯುಮೋನಿಯಾ. ಎರಡು ದಿನ ಏನು ಹೇಳುವುದಕ್ಕೂ ಆಗುವುದಿಲ್ಲ ಎಂದ ಡಾಕ್ಟರು ಈಗ ಉಳಿಯುತ್ತಾನೆ ಎಂದಿದ್ದಾರೆ. ಅವನ ಹೆಂಡತಿ ಆ ಹೊಟ್ಟೆ ಹೊತ್ತುಕೊಂಡು ಬಂದು ಕೂತಿದ್ದಾಳೆ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಸೋಮವಾರ ಬೆಳಗ್ಗೆ ಮಳೆ ನಿಂತಿತ್ತು. ಎಂದಿನಂತೆ ಎರಡೆರಡು ಕುರಿಯ ಉಣ್ಣೆ ಕತ್ತರಿಸಿದೆವು. ಹೊಟ್ಟೆಯ ಕೆಳಗೆ ಕೈ ಹಾಕಿದರೆ ಮೊಣಕೈವರೆಗೆ ನೀರು ಇಳಿಯುತ್ತಿತ್ತು. ನನ್ನ ಪ್ಯಾಂಟು ತೊಡೆಗೆ ಅಂಟಿತ್ತು. ಟೋಪಿ ಸುತ್ತು ಹಾಕಿ ಬಂತು. ಚೀಟಿ ಬಿಚ್ಚಿದೆ. ಒಣ, ಒಣ, ಒಣ. ಆರಕ್ಕೆ ಆರೂ ಒಣ! ನನಗೇ ನಂಬಿಕೆಯಾಗಲಿಲ್ಲ. ಆದರೆ ಚೀಟಿ ಹೇಳಿದ ಮೇಲೆ ಮುಗಿಯಿತು, ಗಂಟೆ ಹೊಡೆಯಿತು, ಶುರು ಮಾಡಿದೆವು. ಆ ದಿನ ಕತ್ತರಿಸಿದೆವು, ಮರುದಿನವೂ ಕತ್ತರಿಸಿದೆವು. ಅದರ ಮರುದಿನ ಬಾರ್ನಿ ನಿಂತ ಜಾಗದಲ್ಲೇ ಕುಸಿದುಬಿದ್ದ. ಅರ್ಧ ಉಣ್ಣೆ ನೇತಾಡಿಸಿಕೊಂಡು ಕುರಿ ಓಡಿಹೋಯಿತು. ಹುಡುಗನ ಮೈ ಕಾವಲಿಯ ಹಾಗೆ ಸುಡುತ್ತಿತ್ತು. ಮೊದಲೇ ಜ್ವರ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಧಣಿ ತನ್ನ ಗಾಡಿಯಲ್ಲೇ ಹಾಕಿಕೊಂಡು ಓಡಿಸಿದ.

ಆವತ್ತು ಊಟಕ್ಕೆ ಕೂತಾಗ ಯಾರೂ ತಟ್ಟೆ ಮುಟ್ಟಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಸ್ನೋ ಮ್ಯಾಡಿಗನ್ ಇದ್ದಕ್ಕಿದ್ದ ಹಾಗೆ, "ನಾನು ಒಣ ಅಂತ ಬರೆದೆ. ಒದ್ದೆ ಇತ್ತು ಅಂತ ಗೊತ್ತಿದ್ದೂ ಬರೆದೆ" ಅಂದ. ಅವನ ಬಾಯಲ್ಲಿ ಆ ಮಾತು ಬಂದದ್ದೇ ಎಲ್ಲರೂ ದಿಗಿಲುಬಿದ್ದೆವು. ಮೂವತ್ತು ವರ್ಷದಲ್ಲಿ ಯಾವ ಶೆಡ್ಡಿನಲ್ಲೂ ಯಾರೂ ತಮ್ಮ ಚೀಟಿ ಬಾಯಿಬಿಟ್ಟದ್ದು ನಾನು ಕೇಳಿಲ್ಲ.

"ಮತ್ತೆ ಯಾಕಯ್ಯ ಬರೆದೆ?" ಅಂದೆ.

"ನಿನಗೋಸ್ಕರ" ಅಂದ. "ಬೆನ್ನು ಹಿಡ್ಕೊಂಡು ಒದ್ದಾಡ್ತಿದ್ದೀಯ. ದಿನಾ ನಮ್ಮೆಲ್ಲರಿಗಿಂತ ಹಿಂದೆ. ಮಳೆಗೆ ಬೇರೆ ಇಷ್ಟು ದಿನ ಕೂತಾಯ್ತು, ಇನ್ನೂ ಕೂತ್ರೆ ನೀನು ಮನೆಗೆ ಏನು ತಗೊಂಡು ಹೋಗ್ತೀಯ ಅಂತ."

"ನಾನೂ ಅದಕ್ಕೇ" ಅಂತ ಇನ್ನೊಬ್ಬ ತಲೆ ತಗ್ಗಿಸಿದ. ಉಳಿದಿಬ್ಬರು ಬಾರ್ನಿಗೋಸ್ಕರ ಬರೆದಿದ್ದರು, ಮಗು ಬರುತ್ತದೆ, ಹುಡುಗನಿಗೆ ಕೆಲಸ ನಿಲ್ಲಬಾರದು ಎಂದು. ಬಾರ್ನಿ ಬರೆದದ್ದೂ ನನಗೋಸ್ಕರವಂತೆ. ಆಮೇಲೆ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಉಸಿರು ಎಳೆದುಕೊಂಡು ಹೇಳಿದ. ನಾನು ಬರೆದದ್ದು ಯಾಕೆ ಗೊತ್ತೇ? ಹುಡುಗರಿಗೆ ಮುಂದಿನ ಶೆಡ್ಡಿಗೆ ಹೋಗುವ ಆತುರ, ಮುದುಕ ನಾನು ಯಾಕೆ ಅಡ್ಡಬರಲಿ ಎಂದು. ಯಾರೂ ಕೆಟ್ಟವರಲ್ಲ ಊನಾ. ಅದೇ ನನ್ನನ್ನು ಕಾಡುವುದು. ಚೀಟಿ ಕೇಳಿದ್ದು ಉಣ್ಣೆ ಒದ್ದೆಯೋ ಒಣವೋ ಎಂಬುದೊಂದೇ. ಕೈಯೆಲ್ಲ ಒದ್ದೆ ಮಾಡಿಕೊಂಡು ನಿಂತಿದ್ದ ಆರು ಜನರಲ್ಲಿ ಒಬ್ಬನೂ ಅದಕ್ಕೆ ಉತ್ತರ ಕೊಡಲಿಲ್ಲ.

ನನ್ನ ಬೆನ್ನಿನ ಸಂಗತಿ ಯಾರಿಗೂ ತಿಳಿಯದು ಅಂದುಕೊಂಡಿದ್ದೆ. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನೀನೊಬ್ಬಳೇ, ಯಾಕೆಂದರೆ ನಿನ್ನ ಹತ್ತಿರ ಚೆನ್ನಾಗಿ ಮುಚ್ಚಿಟ್ಟೆ. ಆ ಎಣ್ಣೆ ಹುಡುಗರಿಗಲ್ಲ, ನನಗೆ. ಕ್ರಿಸ್‌ಮಸ್‌ನಲ್ಲಿ ಗೇಟಿನ ಹತ್ತಿರ ನಿಂತಿರುತ್ತಿದ್ದದ್ದು ರಸ್ತೆಯ ಮೇಲಿನ ಆಸೆಗಲ್ಲ. ಕೂತರೆ ಬೆನ್ನು ಸೀಳುತ್ತಿತ್ತು, ಮಲಗಿದರೆ ಏಳಲು ಆಗುತ್ತಿರಲಿಲ್ಲ, ಗೇಟಿಗೆ ಒರಗಿ ನಿಂತರೆ ಒಂದಿಷ್ಟು ಸುಖ. ಅಲ್ಲಿಂದ ನೀನು ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ನೀನು ಹಾಡಿಕೊಳ್ಳುತ್ತಿದ್ದೆ. ಇವಳು ನಾನಿಲ್ಲದೆಯೇ ಸುಖವಾಗಿದ್ದಾಳೆ, ಬಂದು ಯಾಕೆ ಕೆಡಿಸಲಿ ಅನ್ನಿಸುತ್ತಿತ್ತು.

ಪದ್ಧತಿ ಮುರಿಯುತ್ತಿದ್ದೇನೆ. ಮಿಸ್ ಪೆಟ್ಟಿಫರ್‌ಗೆ ನಾನು ಕಳಿಸಿದ "ಒಣ" ನಿನಗೋಸ್ಕರ ಬರೆದದ್ದು. ನನ್ನನ್ನು ಕೇಳಿದರೆ ಒದ್ದೆ, ಊನಾ. ಎಂದೋ ಒದ್ದೆ. ನನಗೆ ಮನೆಗೆ ಬರಬೇಕು.

ಕೆಲಸ ಹೋಯಿತೆಂದು ಬಲ್ಲೆ. ಆದರೂ ಹೇಳದೆ ಇರಲಾರೆ. ನೀನು "ಒಣ" ಎಂದು ಬರೆದದ್ದು ನಿಜವೇ ಆಗಿದ್ದರೆ ಅದನ್ನೂ ಹೇಳು. ತಡೆದುಕೊಳ್ಳುತ್ತೇನೆ.

ವಾಲ್


ಜೂನೀ,
೧೧ ಆಗಸ್ಟ್ ೧೯೬೧

ವಾಲ್,

ನಿನ್ನ ಪತ್ರ ಓದಿ ಮೊದಲು ನಿನ್ನನ್ನು ಬೈದೆ. ಗೋಡೆ ಕೇಳುವ ಹಾಗೆ ಬೈದೆ. ಆಮೇಲೆ ಅತ್ತುಬಿಟ್ಟೆ. ಆಮೇಲೆ ಬಾರ್ನಿಯ ಹೆಂಡತಿಗೆ ಸ್ವೆಟರು, ಬೆಚ್ಚನೆಯ ಕಾಲುಚೀಲ ಎಲ್ಲ ಗಂಟು ಕಟ್ಟಿ ಪಾರ್ಸೆಲ್ ಮಾಡಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ನನ್ನದೂ ಸುಳ್ಳು ಚೀಟಿ, ದಡ್ಡ! ಡ್ರಿಸ್ಕಲ್ ಕೇಳಿದ ದಿನ ಮಾಂಸ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಓಡಿಬಂದಿದ್ದೆ, ಅಷ್ಟು ಖುಷಿಯಾಗಿತ್ತು. ಆದರೆ ನಿನಗೆ ಬರೆಯಲು ಕೂತಾಗ ಗೇಟಿನ ಹತ್ತಿರ ನಿಂತ ನಿನ್ನ ಬೆನ್ನೇ ಕಣ್ಣ ಮುಂದೆ ಬಂತು. ನನ್ನ ಬಾಯಿಂದ "ಬಾ" ಅಂತ ಬಂದರೆ ನೀನು ಬಂದೇ ಬರುತ್ತೀಯ, ಆಮೇಲೆ ಸಾಯುವ ತನಕ ರಸ್ತೆ ನೋಡುತ್ತ ನಿಲ್ಲುತ್ತೀಯ ಅಂತ ಹೆದರಿದೆ. ಹಾಡಿಕೊಳ್ಳುತ್ತಿದ್ದೆನಂತೆ! ನೀನು ಮನೆಯಲ್ಲಿದ್ದೆ, ಅದಕ್ಕೆ ಹಾಡಿಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ಬಂದು ಕೇಳು, ರೇಡಿಯೋ ಬಿಟ್ಟರೆ ಈ ಮನೆಯಲ್ಲಿ ಒಂದು ದನಿ ಇರುವುದಿಲ್ಲ. ಹೆಚ್ಚಿನ ಪಾಳಿ ಕೇಳಿ ತೆಗೆದುಕೊಂಡದ್ದೂ ಅದಕ್ಕೇ.

ಈ ಚೀಟಿ ಪದ್ಧತಿ ನಮ್ಮಿಬ್ಬರಿಗೆ ತಂದವಳು ನಾನೇ, ಅದರ ತಪ್ಪೂ ನನ್ನದೇ. ಶೆಡ್ಡಿನಲ್ಲಿ ಗುಟ್ಟು ಬೇಕು, ಅಲ್ಲಿ ಧಣಿ ನೋಡುತ್ತಿರುತ್ತಾನೆ. ನಮ್ಮ ಅಡುಗೆಮನೆಯಲ್ಲಿ ಯಾವ ಧಣಿ ಕೂತಿದ್ದ ಅಂತ ನಾವು ಮುಚ್ಚಿಟ್ಟುಕೊಂಡೆವು?

ಡ್ರಿಸ್ಕಲ್ ಹತ್ತಿರ ಹೋಗಿದ್ದೆ. "ಬೇಡ ಅಂದೋರು ನೀವೇ ಅಲ್ವಾ ಮಿಸೆಸ್ ಟ್ರಿಗಿಯರ್? ಹುಡುಗ ಕೆಲಸ ಶುರು ಮಾಡಿ ಆಯ್ತಲ್ಲ" ಅಂದ. ಅವನದೇನೂ ತಪ್ಪಿಲ್ಲ. ಆ ಬಾಗಿಲು ಮುಚ್ಚಿತು. ನನ್ನ ಸಂಬಳದಲ್ಲಿ ಹೇಗೋ ನಡೆಯುತ್ತದೆ. ನಿನ್ನ ಬೆನ್ನು ಸರಿಯಾಗಲಿ, ಆಮೇಲೆ ನೋಡೋಣ.

ಆದರೆ ಬರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡು. ನನಗೆ ಏನು ಇಷ್ಟವಾದೀತು ಅಂತ ಯೋಚಿಸಬೇಡ, ಪ್ರಶ್ನೆ ಏನು ಕೇಳುತ್ತದೋ ಅದಕ್ಕಷ್ಟೇ ಉತ್ತರ. ನಿನ್ನ ಬೆನ್ನು ಗಟ್ಟಿಯಾಗಿದ್ದಿದ್ದರೆ ನೀನು ಬರುತ್ತಿದ್ದೆಯಾ? ಇಲ್ಲ ಅನ್ನುವುದಾದರೆ ಇಲ್ಲ ಅಂತಲೇ ಬರೆ. ಆಗಲೂ ಬಾ, ಆಗಲೂ ಎಣ್ಣೆ ಹಚ್ಚುತ್ತೇನೆ. ಆದರೆ ಮನೆಗೆ ಬರುತ್ತಿರುವುದು ನನ್ನ ಗಂಡನೋ ಅವನ ಬೆನ್ನುನೋವೋ ಅಂತ ನನಗೆ ಗೊತ್ತಿರಬೇಕು.

ಊನಾ


ಕುರಾಬಿನ್ ಶೆಡ್ಡು,
೧೬ ಆಗಸ್ಟ್ ೧೯೬೧

ಪ್ರೀತಿಯ ಊನಾ,

ಬಾರ್ನಿ ಎದ್ದು ಕೂತಿದ್ದಾನೆ. ಆಸ್ಪತ್ರೆಯ ಗಂಜಿ ಬೈಯುವಷ್ಟು ಶಕ್ತಿ ಬಂದಿದೆ. ತಂಡ ಬೇರೆ ಯಾರಿಗಾದರೂ ಕೊಡು ಎಂದು ಕ್ಲಾರಿಗೆ ಹೇಳಿಬಿಟ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ಬಂದು ಕೈ ಕುಲುಕಿದ.

ನಿನ್ನ ಪ್ರಶ್ನೆಗೆ ಮೊದಲು "ಹೌದು" ಎಂದು ಬರೆದೆ. ಹರಿದು ಹಾಕಿದೆ. ನಿನಗೆ ಇಷ್ಟವಾಗಲಿ ಎಂದು ಬರೆದ ಹಾಗಿತ್ತು. ಆಮೇಲೆ ಹೊರಗೆ ಹೋಗಿ ಶೆಡ್ಡಿನ ಮೆಟ್ಟಿಲ ಮೇಲೆ ನಿಂತು ನಿಜವಾಗಿ ಯೋಚಿಸಿದೆ. ಹತ್ತು ವರ್ಷದ ಹಿಂದೆ ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಆಗ ನನಗೆ ಈ ಶೆಡ್ಡು, ಈ ಹುಡುಗರು, ದಿನದ ಕೊನೆಗೆ ಎಲ್ಲರಿಗಿಂತ ಹೆಚ್ಚು ಕತ್ತರಿಸಿದ್ದೇನೆ ಅನ್ನುವ ಜಂಬ, ಇವು ನಿನಗಿಂತ ಹೆಚ್ಚಾಗಿದ್ದವು. ಓದಿ ಬೇಜಾರಾದರೆ ಆಗಲಿ, ಅದು ನಿಜ. ಐದು ವರ್ಷದ ಹಿಂದೆ ಕೇಳಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದೆ.

ಈಗ ಬೆನ್ನು ಕಬ್ಬಿಣದಂತಿದ್ದರೂ ಬರುತ್ತಿದ್ದೆ. ನಿನ್ನ ಜೊತೆ ಮಂಗಳವಾರ ಹೇಗಿರುತ್ತದೆ, ಬುಧವಾರ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ. ಹಬ್ಬದ ದಿನಗಳಷ್ಟೇ ಗೊತ್ತು. ಉಳಿದ ದಿನಗಳೂ ನನಗೆ ಬೇಕು.

ಮುಂದಿನ ವಾರ ಶುಕ್ರವಾರ ಮಧ್ಯಾಹ್ನದ ರೈಲಿಗೆ ಇಳಿಯುತ್ತೇನೆ. ಇಷ್ಟು ವರ್ಷವೂ "ನಿನಗೆ ಯಾಕೆ ತೊಂದರೆ, ನಾನೇ ನಡೆದುಕೊಂಡು ಬರ್ತೀನಿ" ಅನ್ನುತ್ತಿದ್ದೆ. ಆಮೇಲೆ ಪ್ಲಾಟ್‌ಫಾರಂ ಮೇಲೆ ಬೇರೆಯವರ ಹೆಂಡಂದಿರನ್ನು ನೋಡುತ್ತ ಇಳಿಯುತ್ತಿದ್ದೆ.

ಈ ಸಲ ಸ್ಟೇಷನ್ನಿಗೆ ಬಾ ಊನಾ. ನೀನು ಬರಬೇಕು ಅಂತ ನನಗೆ ಆಸೆ.

ವಾಲ್